ಜೈಲಿನಿಂದ ಬಂದವರ ಓದಿಗೆ ಒತ್ತಾಸೆಯಾಗಿ ನಿಲ್ಲಬೇಕಾದವರು ಯಾರು?

ಪ್ರಶ್ನೆ: ಕುಮಟೆಯ ಮಾಸ್ತರು

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ನಾನು ಕುಮಟೆಯಲ್ಲಿ ನೆಲೆಸಿದ್ದೇನೆ. ಕಳೆದ ದೀಪಾವಳಿಯ ಮರುವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಜಗಲಿ ಹತ್ತಲು ಎಷ್ಟು ಹೇಳಿದರೂ ಹತ್ತದೆ, ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲೇ ನಿಂತು, "ಮಾಸ್ತರೇ, ಎಸ್ಸೆಸ್ಸೆಲ್ಸಿಯ ಗಣಿತ ಒಂದೇ ಬಾಕಿ ಉಳಿದಿತ್ತು, ಈಗ ಪರೀಕ್ಷೆ ಕಟ್ಟಬಹುದೋ?" ಎಂದು ಕೇಳಿದ. ಅವನಿಗೆ ಈಗ ಇಪ್ಪತ್ತಾರು ವರ್ಷ. ನಡುವೆ ಎರಡೂವರೆ ವರ್ಷ ವಿಚಾರಣಾಧೀನನಾಗಿ ಜೈಲಿನಲ್ಲಿದ್ದು, ಕೊನೆಗೆ ನ್ಯಾಯಾಲಯ ನಿರ್ದೋಷಿ ಎಂದು ಬಿಟ್ಟ ಮೇಲೆ ಊರಿಗೆ ಮರಳಿದ್ದ. ಅವನಿಗೆ ಪಾಠ ಹೇಳಲು ಆರಂಭಿಸಿ ಎರಡು ತಿಂಗಳಾಗುವಷ್ಟರಲ್ಲಿ ಅವನು ಇನ್ನಿಬ್ಬರನ್ನು ಕರೆತಂದ. ಆ ಇಬ್ಬರೂ ಶಿಕ್ಷೆ ಮುಗಿಸಿ ಬಂದವರು.

ಇದನ್ನು ಕಂಡು ನಾವು ಐದು ಜನ, ಎಂದರೆ ನಾನು, ಇನ್ನೊಬ್ಬ ಶಿಕ್ಷಕಿ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರೊಬ್ಬರು ಮತ್ತು ಅಡಿಕೆ ವ್ಯಾಪಾರಿಯೊಬ್ಬರು ಸೇರಿ, ಜೈಲಿನಿಂದ ಹೊರಬಂದವರ ಓದಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆಯನ್ನು ಕಟ್ಟುವ ಆಲೋಚನೆಗೆ ಬಂದಿದ್ದೇವೆ. ಮೊದಲ ಎರಡು ವರ್ಷಕ್ಕೆ ಸಾಕಾಗುವಷ್ಟು ಹಣವನ್ನು ನಮ್ಮಲ್ಲೇ ಹೊಂದಿಸಿಕೊಂಡಿದ್ದೇವೆ. ಆದರೆ ಆಡಳಿತ ಮಂಡಳಿಯಲ್ಲಿ ಯಾರಿರಬೇಕೆಂಬ ಪ್ರಶ್ನೆ ಬಂದಾಗ ನಮ್ಮೊಳಗೇ ಒಮ್ಮತವಿಲ್ಲದಂತಾಯಿತು. ಗಣ್ಯರೊಬ್ಬರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿದರೆ ಊರಿನವರ ಬಾಯಿ ಮುಚ್ಚುತ್ತದೆ ಎನ್ನುವುದು ವ್ಯಾಪಾರಿಗಳ ಅಭಿಪ್ರಾಯ. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಬೇಕೇ ಬೇಕು ಎನ್ನುವುದು ಬ್ಯಾಂಕಿನವರ ಪಟ್ಟು. ಜೈಲಿಗೆ ಹೋಗಿಬಂದವರನ್ನೇ ಮಂಡಳಿಗೆ ಸೇರಿಸಿಕೊಳ್ಳೋಣವೆಂದು ನಾನು ಹೇಳಿದಾಗ, ದಾನಿಗಳು ಹಿಂಜರಿಯುತ್ತಾರೆ ಎಂಬ ಮಾತು ಬಂತು.

ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆಂದು ಲಾಂಗ್‌ಫರ್ಡ್ ಟ್ರಸ್ಟ್ ಎಂಬುದೊಂದಿದೆ ಎಂದು ಕೇಳಿದ್ದೇನೆ. ಅಂತಹ ಸಂಸ್ಥೆಗಳ ಹಿಂದಿರುವ ಜನರು ಎಂಥವರು, ಅವರು ಏನು ಮಾಡುತ್ತಾರೆ, ಹಾಗೆಯೇ ನಮ್ಮ ಕಡೆಯ ಕಾನೂನು ಮತ್ತು ಪರೀಕ್ಷೆಗಳ ವ್ಯವಸ್ಥೆಯಲ್ಲಿ ನಾವು ಮೊದಲೇ ತಿಳಿದಿರಬೇಕಾದದ್ದು ಏನು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ: ಕಾಳಿನದಿ

ಮಾಸ್ತರೇ, ನಮ್ಮ ಮೂಲ ಊರು ಕಾರವಾರದ ಹತ್ತಿರದ ಕಡವಾಡ. ಉದ್ಯೋಗದ ನಿಮಿತ್ತ ಹನ್ನೆರಡು ವರ್ಷ ಇಂಗ್ಲೆಂಡಿನಲ್ಲಿದ್ದು ಮರಳಿದ್ದೇನೆ. ಅಲ್ಲಿ ಈ ಕ್ಷೇತ್ರದಲ್ಲಿ ಎರಡು ಸಂಸ್ಥೆಗಳ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. 1989ರಲ್ಲಿ ಆರಂಭವಾದ ಪ್ರಿಸನರ್ಸ್ ಎಜುಕೇಶನ್ ಟ್ರಸ್ಟ್ ಮುಖ್ಯವಾಗಿ ಜೈಲಿನೊಳಗಿರುವವರ ದೂರಶಿಕ್ಷಣದ ಖರ್ಚನ್ನು ನೋಡಿಕೊಳ್ಳುತ್ತದೆ. ನೀವು ಕೇಳಿದ ಲಾಂಗ್‌ಫರ್ಡ್ ಟ್ರಸ್ಟ್ 2002ರಲ್ಲಿ ಆರಂಭವಾದದ್ದು. ಜೈಲಿನಿಂದ ಹೊರಬಂದು ವಿಶ್ವವಿದ್ಯಾಲಯದಲ್ಲಿ ಪದವಿ ಓದುವವರಿಗೆ ಅದು ವಿದ್ಯಾರ್ಥಿವೇತನ ಕೊಡುತ್ತದೆ. ನಿಮ್ಮ ಆಲೋಚನೆಗೆ ಹತ್ತಿರವಾದದ್ದು ಈ ಎರಡನೆಯದು.

ಅದರ ಹಿಂದಿನ ವ್ಯಕ್ತಿ ಲಾರ್ಡ್ ಲಾಂಗ್‌ಫರ್ಡ್, ಎಂದರೆ ಫ್ರಾಂಕ್ ಪ್ಯಾಕೆನಮ್. 1905ರಲ್ಲಿ ಹುಟ್ಟಿ 2001ರಲ್ಲಿ ತೀರಿಕೊಂಡವರು. ಸಂಸ್ಥೆ ಹುಟ್ಟಿದ್ದು ಅವರು ಸತ್ತ ಮೇಲೆ, ಅವರ ಕುಟುಂಬದವರು ಮತ್ತು ಸ್ನೇಹಿತರ ಪ್ರಯತ್ನದಿಂದ ಎಂಬುದನ್ನು ಗಮನಿಸಬೇಕು. ಅವರು ಬದುಕಿದ್ದಾಗ ಮಾಡಿದ್ದು ಬಹಳ ಸರಳವಾದ ಒಂದು ಕೆಲಸ: 1930ರ ದಶಕದಿಂದ ಇಳಿವಯಸ್ಸಿನವರೆಗೆ ಜೈಲುಗಳಿಗೆ ಹೋಗಿ, ಯಾರನ್ನು ನೋಡಲು ಯಾರೂ ಬರುತ್ತಿರಲಿಲ್ಲವೋ ಅವರ ಎದುರು ಕುಳಿತು ಮಾತನಾಡಿ ಬರುವುದು. 1956ರಲ್ಲಿ ಬಿಡುಗಡೆಯಾದವರಿಗಾಗಿ ನ್ಯೂ ಬ್ರಿಜ್ ಎಂಬ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಅವರ ರಾಜಕೀಯ ಜೀವನದ ಒಂದು ಘಟನೆ ನಿಮಗೆ, ಒಬ್ಬ ಶಿಕ್ಷಕರಾಗಿ, ಇಷ್ಟವಾಗಬಹುದು. ಅವರು 1964ರಿಂದ ಲೇಬರ್ ಸರ್ಕಾರದ ಸಚಿವ ಸಂಪುಟದಲ್ಲಿದ್ದರು. ಮಕ್ಕಳು ಶಾಲೆ ಬಿಡುವ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸುವ ಭರವಸೆಯನ್ನು ಖರ್ಚಿನ ಕಾರಣಕ್ಕೆ ಸರ್ಕಾರ ಮುಂದೂಡಿದಾಗ, 1968ರ ಜನವರಿಯಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಇನ್ನೊಬ್ಬರ ಮಕ್ಕಳ ಒಂದು ವರ್ಷದ ಓದಿಗಾಗಿ ಮಂತ್ರಿಪದವಿ ಬಿಟ್ಟವರನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹಾಗೆಂದು ಅವರನ್ನು ದೇವರ ಪಟದ ಸಾಲಿಗೆ ಸೇರಿಸಬೇಕಾಗಿಲ್ಲ. ಮಕ್ಕಳನ್ನು ಕೊಂದ ಪ್ರಕರಣದಲ್ಲಿ 1966ರಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾದ ಮೈರಾ ಹಿಂಡ್ಲಿ ಎಂಬಾಕೆಯ ಬಿಡುಗಡೆಗಾಗಿ ಅವರು ದಶಕಗಳ ಕಾಲ ವಾದಿಸಿದರು. ಅದರಿಂದ ಸತ್ತ ಮಕ್ಕಳ ಮನೆಯವರಿಗೆ ಆದ ನೋವು ಸಣ್ಣದಲ್ಲ, ಪತ್ರಿಕೆಗಳು ಅವರನ್ನು ಗೇಲಿ ಮಾಡಿದ್ದಕ್ಕೂ ಲೆಕ್ಕವಿಲ್ಲ. ಅವರ ಹೆಸರಿನ ಟ್ರಸ್ಟಿನ ವಿದ್ಯಾರ್ಥಿವೇತನ ಮಾತ್ರ ಓದಿಗೆ ಸಂಬಂಧಿಸಿದ್ದು. ಯಾರ ಬಿಡುಗಡೆಗೂ ಅದು ಶಿಫಾರಸು ಅಲ್ಲ. ನಿಮ್ಮ ಸಂಸ್ಥೆಯೂ ಈ ಗೆರೆಯನ್ನು ಮೊದಲ ದಿನವೇ ಎಳೆದುಕೊಳ್ಳುವುದು ಒಳ್ಳೆಯದು. ಜಾಮೀನು, ಮೇಲ್ಮನವಿ, ಸನ್ನಡತೆಯ ಬಿಡುಗಡೆ ಇವುಗಳಿಗೆ ಕೈಹಾಕಿದರೆ ಪಾಠ ಹಿಂದೆ ಬೀಳುತ್ತದೆ.

ಟ್ರಸ್ಟಿನ ನಿರ್ದೇಶಕರಾಗಿ ಬಹುಕಾಲ ದುಡಿದವರು ಪೀಟರ್ ಸ್ಟ್ಯಾನ್‌ಫರ್ಡ್ ಎಂಬ ಪತ್ರಕರ್ತರು. ಲಾಂಗ್‌ಫರ್ಡರ ಮಗ, ವಕೀಲರಾಗಿದ್ದ ಪ್ಯಾಟ್ರಿಕ್ ಅವರ ಹೆಸರಿನಲ್ಲಿ, ಕಾನೂನು ಓದುವ ಮಾಜಿ ಕೈದಿಗಳಿಗೆಂದೇ ಪ್ರತ್ಯೇಕ ಪುರಸ್ಕಾರವಿದೆ. ಆದರೆ ಹೊರಗೆ ಹೆಸರು ಕೇಳಿಸದ, ಸಂಸ್ಥೆಯ ನಿಜವಾದ ಆಧಾರವೆನ್ನಬಹುದಾದ ಜನರೆಂದರೆ ಅದರ ಮಾರ್ಗದರ್ಶಕರು. ವೇತನ ಪಡೆಯುವ ಪ್ರತಿಯೊಬ್ಬ ವಿದ್ಯಾರ್ಥಿಯ ಜೊತೆಗೂ ತರಬೇತಿ ಪಡೆದ ಒಬ್ಬ ಸ್ವಯಂಸೇವಕರನ್ನು ಜೋಡಿಸುತ್ತಾರೆ. ಆ ವ್ಯಕ್ತಿಯ ಕೆಲಸ ಪಾಠ ಹೇಳುವುದಲ್ಲ. ಬಾಡಿಗೆ ಕಟ್ಟಲು ತಡವಾದಾಗ, ಮೊದಲ ಪ್ರಬಂಧಕ್ಕೆ ಕಡಿಮೆ ಅಂಕ ಬಂದಾಗ, ಸಹಪಾಠಿಗಳಿಗೆ ತನ್ನ ಹಿಂದಿನ ಕಥೆ ಹೇಳಬೇಕೋ ಬೇಡವೋ ಎಂಬ ಗೊಂದಲ ಕಾಡಿದಾಗ ಫೋನ್ ಎತ್ತಿಕೊಳ್ಳುವ ಒಬ್ಬ ಮನುಷ್ಯ ಇರಬೇಕು ಎನ್ನುವುದಷ್ಟೇ. ನಿಮ್ಮ ಐದು ಜನರ ಪೈಕಿ ಎಷ್ಟು ಜನ ರಾತ್ರಿ ಒಂಬತ್ತರ ಮೇಲೆ ಫೋನ್ ಎತ್ತಲು ಸಿದ್ಧರಿದ್ದಾರೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಗೌರವಾಧ್ಯಕ್ಷರ ವಿಷಯ ಆಮೇಲೆ ನೋಡಬಹುದು.

ಉತ್ತರ: ಶಿರಸಿಯ ವಕೀಲ

ಕಾನೂನಿನ ಮಟ್ಟಿಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲನೆಯದಾಗಿ, 'ಮಾಜಿ ಕೈದಿಗಳು' ಎಂಬ ಪದವನ್ನು ಸಂಸ್ಥೆಯ ಹೆಸರಿನಲ್ಲಿ ಇಡಬೇಡಿ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ನಿಮ್ಮ ಶಿಷ್ಯನಂತೆ ಖುಲಾಸೆಯಾಗಿ ಬಂದವನು ಕಾನೂನಿನ ಕಣ್ಣಿನಲ್ಲಿ ಯಾವ ಅಪರಾಧವನ್ನೂ ಮಾಡಿದವನಲ್ಲ. ಅವನ ಅಂಕಪಟ್ಟಿಯ ಜೊತೆಗೆ ನಿಮ್ಮ ಸಂಸ್ಥೆಯ ಹೆಸರಿರುವ ಒಂದು ಪತ್ರ ಹೋದರೆ, ನ್ಯಾಯಾಲಯ ಅಳಿಸಿದ್ದನ್ನು ನೀವೇ ಮತ್ತೆ ಬರೆದುಕೊಟ್ಟಂತಾಗುತ್ತದೆ.

ಎರಡನೆಯದು, ಶಿಕ್ಷೆಯಾದವರಿಗೆ ಎಲ್ಲ ಬಾಗಿಲೂ ಮುಚ್ಚಿದೆ ಎಂಬ ತಪ್ಪು ಕಲ್ಪನೆ. ಕಾರವಾರದವರು ಕಾನೂನು ಓದುವವರ ಪುರಸ್ಕಾರದ ವಿಷಯ ಬರೆದಿದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ನಮ್ಮ 1961ರ ವಕೀಲರ ಅಧಿನಿಯಮದ 24ಎ ಕಲಮಿನ ಪ್ರಕಾರ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವನು ವಕೀಲನಾಗಿ ನೋಂದಣಿ ಪಡೆಯುವಂತಿಲ್ಲ. ಆದರೆ ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ ಆ ಅನರ್ಹತೆ ಉಳಿಯುವುದಿಲ್ಲ ಎಂದು ಅದೇ ಕಲಮು ಹೇಳುತ್ತದೆ. ಜನರಿಗೆ ಮೊದಲ ಸಾಲು ಗೊತ್ತು, ಎರಡನೆಯದು ಗೊತ್ತಿಲ್ಲ. ಹಾಗೆಯೇ 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ ಅಡಿಯಲ್ಲಿ, ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮೇಲೆ ಬಿಟ್ಟವರಿಗೆ ಆ ಅಪರಾಧದ ಕಾರಣಕ್ಕೆ ಬರಬಹುದಾದ ಅನರ್ಹತೆ ತಟ್ಟುವುದಿಲ್ಲ ಎಂದು 12ನೆಯ ಕಲಮು ಹೇಳುತ್ತದೆ. ಸರ್ಕಾರಿ ಉದ್ಯೋಗದ ಅರ್ಜಿಯಲ್ಲಿ ಮಾತ್ರ ಕೇಳಿದ್ದನ್ನು ಮುಚ್ಚಿಡಬಾರದು. ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು ಜನರನ್ನು ಕೆಡಿಸಿರುವುದನ್ನು ನನ್ನ ಕಕ್ಷಿದಾರರಲ್ಲೇ ನೋಡಿದ್ದೇನೆ.

ನೋಂದಣಿಯ ವಿಷಯ ಚಿಕ್ಕದು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಾದರೆ ಏಳು ಜನ ಬೇಕು, ನೀವು ಐದು ಜನ ಇದ್ದೀರಿ. ಉಳಿದ ಎರಡು ಸ್ಥಾನಕ್ಕೆ ಯಾರನ್ನು ತರುತ್ತೀರಿ ಎಂಬುದರಲ್ಲೇ ನಿಮ್ಮ ಜಗಳ ಇತ್ಯರ್ಥವಾಗಬೇಕು. ಒಂದು ಮಾತನ್ನು ಬ್ಯಾಂಕಿನವರಿಗೆ ತಿಳಿಸಿ: ಜೈಲುಗಳಲ್ಲಿ ನಡೆಯುವ ಕಾನೂನು ನೆರವಿನ ಕೇಂದ್ರಗಳಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವ ವಿದ್ಯಾವಂತ ಕೈದಿಗಳಿಗೇ ತರಬೇತಿ ಕೊಟ್ಟು ಅರೆಕಾಲಿಕ ಕಾನೂನು ಸ್ವಯಂಸೇವಕರನ್ನಾಗಿ ತೆಗೆದುಕೊಳ್ಳುವ ಪದ್ಧತಿಯಿದೆ. ನ್ಯಾಯಾಂಗದ ವ್ಯವಸ್ಥೆಯೇ ಅವರನ್ನು ನಂಬಿ ಇನ್ನೊಬ್ಬ ಕೈದಿಯ ಅರ್ಜಿ ಬರೆಸುತ್ತಿರುವಾಗ, ನಮ್ಮ ಊರಿನ ಒಂದು ಸಂಘದ ಸಭೆಯ ನಡಾವಳಿಗೆ ಅವರು ಸಹಿ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಉತ್ತರ: ತದಡಿಯಿಂದ

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಶಿಕ್ಷೆ ಅನುಭವಿಸಿ ಬಂದವನು. ತಪ್ಪು ಮಾಡಿದ್ದೆ, ಏಳು ವರ್ಷ ಕೇಂದ್ರ ಕಾರಾಗೃಹವೊಂದರಲ್ಲಿದ್ದೆ. ಅದಕ್ಕಿಂತ ಹೆಚ್ಚಿನ ವಿವರ ಈ ಚರ್ಚೆಗೆ ಅಗತ್ಯವಿಲ್ಲ. ಈಗ ತದಡಿ ಬಂದರಿನಲ್ಲಿ ನಾಲ್ಕು ಬೋಟುಗಳ ಲೆಕ್ಕ ಬರೆಯುತ್ತೇನೆ.

ಜೈಲಿನಲ್ಲಿ ಓದುವುದು ಕಷ್ಟವೆಂದು ಹೊರಗಿನವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಒಳಗೆ ಓದುವುದು ಸುಲಭ, ಹೊರಗೆ ಬಂದ ಮೇಲೆ ಓದುವುದೇ ಕಷ್ಟ. ಒಳಗೆ ಇಗ್ನೊ ವಿಶ್ವವಿದ್ಯಾಲಯದ ಬಿ.ಎ.ಗೆ ಶುಲ್ಕವಿಲ್ಲದೆ ಸೇರಿದ್ದೆ. ಸಂಜೆ ಆರಕ್ಕೆ ಬೀಗ ಬಿದ್ದ ಮೇಲೆ ಮಾಡಲು ಬೇರೆ ಏನೂ ಇರುತ್ತಿರಲಿಲ್ಲ, ಪುಸ್ತಕವೇ ಗತಿ. ಎರಡು ವರ್ಷದ ಪತ್ರಿಕೆಗಳನ್ನು ಹಾಗೆಯೇ ಮುಗಿಸಿದೆ. ಬಿಡುಗಡೆಯ ದಿನ ಅಂಗಿ, ಲುಂಗಿ, ದುಡಿಮೆಯ ಕೂಲಿಯ ಹಣ ಎಲ್ಲವನ್ನೂ ಎಣಿಸಿ ಸಹಿ ಮಾಡಿಸಿಕೊಂಡು ಕೊಟ್ಟರು. ಮೂರನೆಯ ವರ್ಷದ ಪಠ್ಯಗಳು ಗ್ರಂಥಾಲಯದ ಕಪಾಟಿನಲ್ಲೇ ಉಳಿದವು. ಅವು ನನ್ನವು ಎಂದು ಕೇಳಲು ಆ ಗಳಿಗೆಯಲ್ಲಿ ನನಗೂ ಹೊಳೆಯಲಿಲ್ಲ. ಮುಂದೆ ಬಂದ ಪತ್ರಗಳು ಹಳೆಯ ವಿಳಾಸಕ್ಕೆ, ಎಂದರೆ ಜೈಲಿಗೇ ಹೋಗುತ್ತಿದ್ದವು. ಅಧ್ಯಯನ ಕೇಂದ್ರವನ್ನು ಬದಲಿಸಿಕೊಳ್ಳಬಹುದು ಎಂಬುದನ್ನು ಹೇಳುವವರಿರಲಿಲ್ಲ. ಮಾಸ್ತರೇ, ನಿಮ್ಮ ಸಂಸ್ಥೆ ಬೇರೆ ಏನನ್ನೂ ಮಾಡದೆ, ಬಿಡುಗಡೆಗೆ ಒಂದು ತಿಂಗಳು ಮೊದಲು ಜೈಲಿಗೆ ಹೋಗಿ, 'ನಿನ್ನ ಪುಸ್ತಕ ಎಲ್ಲಿದೆ, ನೋಂದಣಿ ಸಂಖ್ಯೆ ಬರೆದಿಟ್ಟುಕೊಂಡಿದ್ದೀಯಾ, ಮುಂದಿನ ವಿಳಾಸ ಯಾವುದು' ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೂ ಅದು ದೊಡ್ಡ ಉಪಕಾರ.

ಊರಿಗೆ ಬಂದ ಮೇಲೆ ಹತ್ತಿರದ ಕಾಲೇಜೊಂದಕ್ಕೆ ಹೋಗಿ ಮಾರ್ಗದರ್ಶನ ಕೇಳಿದೆ. ಅಲ್ಲಿಯವರು ಒರಟಾಗಿ ಏನೂ ಮಾತನಾಡಲಿಲ್ಲ. ನಡುವಿನ ಏಳು ವರ್ಷ ಎಲ್ಲಿದ್ದೆ ಎಂದು ಕೇಳಿದರು, ಹೇಳಿದೆ, ಮುಂದಿನ ವಾರ ಬಾ ಎಂದರು. ನಾಲ್ಕು 'ಮುಂದಿನ ವಾರ' ಆದ ಮೇಲೆ ಹೋಗುವುದನ್ನು ಬಿಟ್ಟೆ.

ನನ್ನನ್ನು ಮತ್ತೆ ಓದಿಗೆ ಹಚ್ಚಿದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರಿಗೆ ನನ್ನ ವಿಷಯಗಳ ಪೈಕಿ ಒಂದೂ ಗೊತ್ತಿರಲಿಲ್ಲ. ಪ್ರತಿ ಗುರುವಾರ ಸಂಜೆ ನಾಲ್ಕೂವರೆಯ ಬಸ್ಸಿಗೆ ಬಂದು, ಬಲೆ ರಾಶಿ ಹಾಕಿದ ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಕುಳಿತು, "ಹೋದ ವಾರ ನಲವತ್ತೆರಡನೇ ಪುಟದಲ್ಲಿದ್ದೆ, ಈಗ ಎಲ್ಲಿದ್ದೀಯೋ ತಮ್ಮಾ?" ಎಂದು ಕೇಳುತ್ತಿದ್ದರು. ಪುಟದ ಸಂಖ್ಯೆಯನ್ನು ಒಂದು ಹಳೆಯ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬುದ್ಧಿಮಾತು ಇಲ್ಲ, ಹಳೆಯ ಸಂಗತಿ ಕೆದಕುವುದಿಲ್ಲ. ಗುರುವಾರ ಆ ಮನುಷ್ಯ ಬರುತ್ತಾನಲ್ಲ ಎಂಬ ಹೆದರಿಕೆಗೇ ನಾನು ಬುಧವಾರ ರಾತ್ರಿ ಹದಿನೈದು ಪುಟ ಓದುತ್ತಿದ್ದೆ. ಇಗ್ನೊ ಬಿ.ಎ. ಮುಗಿಸಲು ಗರಿಷ್ಠ ಆರು ವರ್ಷದ ಅವಕಾಶವಿರುವುದರಿಂದ ಐದನೆಯ ವರ್ಷದಲ್ಲಿ ನನ್ನದು ಮುಗಿಯಿತು. ಕಾಳಿನದಿಯವರು ಬರೆದ ಮಾರ್ಗದರ್ಶಕರು ಎಂದರೆ ನನಗೆ ಕಾಣುವುದು ಆ ಬಸ್ ಟಿಕೆಟ್ಟು.

ಇನ್ನೊಂದು ಸಂಗತಿ ಸಭೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೈಲಿನಿಂದ ಬಂದವನಿಗೆ ಹಿಂದುಮುಂದು ಕೇಳದೆ ಕೆಲಸ ಕೊಡುವ ಜಾಗ ಬಂದರು. ಬೋಟಿಗೆ ಹೋಗುವವನು ನಸುಕಿಗೆ ಹೋದರೆ ಯಾವಾಗ ಮರಳುತ್ತಾನೆಂದು ಹೇಳಲಾಗುವುದಿಲ್ಲ. ಅವನಿಗೆ ವಾರಕ್ಕೆ ಮೂರು ದಿನ ಸಂಜೆ ಪಾಠವೆಂದು ವೇಳಾಪಟ್ಟಿ ಮಾಡಿದರೆ ಒಂದು ತಿಂಗಳೊಳಗೆ ನೀವೂ ಬೇಸತ್ತು ಅವನೂ ಬಿಡುತ್ತಾನೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುತ್ತದೆ. ಮಳೆ ಸುರಿಯುತ್ತಿರುತ್ತದೆ, ಕೈಯಲ್ಲಿ ಬಲೆ ಹೆಣೆಯುವ ಕೆಲಸ ಬಿಟ್ಟರೆ ಬೇರೆ ಇರುವುದಿಲ್ಲ, ಹಳೆಯ ಸಹವಾಸ ಕರೆಯುವುದೂ ಅದೇ ಹೊತ್ತಿನಲ್ಲಿ. ನಿಮ್ಮ ಶಾಲೆ ನಡೆಯಬೇಕಾದದ್ದು ಆ ಎರಡು ತಿಂಗಳು. ಎನ್‌ಐಓಎಸ್, ಎಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಕಟ್ಟುವವರಿಗೆ ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶವಿದೆ, ಒಂದೊಂದು ಸಲಕ್ಕೆ ಒಂದೊಂದು ವಿಷಯ ಮುಗಿಸಿಕೊಂಡರೂ ಆಗುತ್ತದೆ. ಒಂದೇ ವರ್ಷದಲ್ಲಿ ಎಲ್ಲವನ್ನೂ ಪಾಸು ಮಾಡಿಸಿ ಫೋಟೋ ಹಾಕುವ ಆತುರ ಬೇಡ. ಫೋಟೋ ಎಂದಾಗ ನೆನಪಾಯಿತು, ವಿದ್ಯಾರ್ಥಿಗಳ ಮುಖವನ್ನು ಪತ್ರಿಕೆಗೆ ಕೊಡಬೇಡಿ. ನಮಗೆ ಮನೆಯಲ್ಲಿ ಮದುವೆಗೆ ಬಂದ ತಂಗಿಯರಿರುತ್ತಾರೆ.

ಉತ್ತರ: ಅಂಕೋಲೆಯ ಅಕ್ಕೋರು

ತದಡಿಯವರು ಬರೆದದ್ದನ್ನು ಓದಿ ನನ್ನ ಅಜ್ಜನ ನೆನಪಾಯಿತು. 1932ರ ಕರನಿರಾಕರಣೆಯ ಕಾಲದಲ್ಲಿ ನಮ್ಮ ಅಂಕೋಲೆಯ ರೈತರು ಜೈಲಿಗೆ ಹೋದಾಗ ಅಜ್ಜನೂ ಹಿಂಡಲಗಾ ಜೈಲು ಸೇರಿದ್ದ. ಹೋಗುವಾಗ ಹೆಬ್ಬೆಟ್ಟು ಒತ್ತುತ್ತಿದ್ದವನು ಮರಳುವಾಗ ಸಹಿ ಹಾಕಲು ಕಲಿತಿದ್ದ. ಒಳಗಿದ್ದ ಓದಿದವರೇ ಗೋಡೆಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು ಕಲಿಸಿದರೆಂದು ಹೇಳುತ್ತಿದ್ದ. ಅದು ದೇಶಕ್ಕಾಗಿ ಅನುಭವಿಸಿದ ಜೈಲು, ಅದಕ್ಕೂ ಇದಕ್ಕೂ ಹೋಲಿಕೆ ಸಲ್ಲದು ಎನ್ನುವವರಿದ್ದಾರೆ, ಒಪ್ಪುತ್ತೇನೆ. ಆದರೆ ಅಕ್ಷರ ಕಲಿಯುವ ಕೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗಣ್ಯರ ಹೆಸರಿನ ವಿಷಯದಲ್ಲಿ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಆರಂಭಿಸಿ ಹಳ್ಳಿಹಳ್ಳಿಗೆ ಪ್ರೌಢಶಾಲೆಗಳನ್ನು ತಂದರು. ಅವರು ರೈತರ ಚಳವಳಿಯ ಕಾರಣಕ್ಕೆ ಬ್ರಿಟಿಷರಿಂದ ಜಿಲ್ಲೆಯಿಂದಲೇ ಗಡೀಪಾರಾಗಿದ್ದವರು. ಸರ್ಕಾರದ ದಾಖಲೆಯಲ್ಲಿ ಊರಿಗೆ ಬರಬಾರದವನೆಂದು ಬರೆಸಿಕೊಂಡ ಮನುಷ್ಯನೇ ಊರಿನ ಮಕ್ಕಳಿಗೆ ಶಾಲೆ ಕಟ್ಟಿದ್ದನ್ನು ಕಂಡ ಜಿಲ್ಲೆ ನಮ್ಮದು. ದಾನಿಗಳು ಹಿಂಜರಿಯುತ್ತಾರೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಿಂಜರಿಯುವವರು ಅಧ್ಯಕ್ಷರು ಯಾರಿದ್ದರೂ ಹಿಂಜರಿಯುತ್ತಾರೆ.

ಹೆಂಗಸರ ವಿಷಯ ಇಲ್ಲಿ ಯಾರೂ ಎತ್ತಿಲ್ಲ. ಜೈಲಿನಿಂದ ಬಂದ ಹೆಂಗಸನ್ನು ಎಷ್ಟೋ ಸಲ ತವರಿನವರೂ ಒಳಗೆ ಕರೆಯುವುದಿಲ್ಲ, ಗಂಡನ ಮನೆಯವರೂ ಕರೆಯುವುದಿಲ್ಲ. ಅವಳಿಗೆ ಮೊದಲು ಬೇಕಾದದ್ದು ಮಲಗಲು ಒಂದು ಜಾಗ, ಆಮೇಲೆ ಪುಸ್ತಕ. ಅವಳು ಅಂಗಳಕ್ಕೆ ಬಂದು ನಿಂತು ಕೇಳುವುದಿಲ್ಲ, ಮಾಸ್ತರೇ. ನಾವೇ ಹೋಗಬೇಕು. ಆ ಕೆಲಸಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಿ, ರಾತ್ರಿ ಒಂಬತ್ತರ ಮೇಲೂ ಫೋನ್ ಎತ್ತುತ್ತೇನೆ.

ಕುಮಟೆಯ ಮಾಸ್ತರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಐದೂ ಜನ ಕೂತು ಈ ಉತ್ತರಗಳನ್ನು ಗಟ್ಟಿಯಾಗಿ ಓದಿದೆವು. ಗೌರವಾಧ್ಯಕ್ಷರ ಸ್ಥಾನವನ್ನೇ ಕೈಬಿಟ್ಟಿದ್ದೇವೆ. ಬ್ಯಾಂಕಿನವರು ಪೊಲೀಸ್ ಅಧಿಕಾರಿಯ ವಿಷಯದಲ್ಲಿ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಏಳರ ಲೆಕ್ಕ ಕೇಳಿ ಸುಮ್ಮನಾದರು. ಆರನೆಯವರು ಅಕ್ಕೋರು. ತದಡಿಯವರೇ, ಏಳನೆಯ ಸ್ಥಾನಕ್ಕೆ ನಿಮ್ಮನ್ನು ಕೇಳಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದೇವೆ. ಮೊದಲ ಸಭೆಯನ್ನು ಆಗಸ್ಟ್ ಎರಡನೆಯ ಭಾನುವಾರ ಬೆಳಿಗ್ಗೆ ಇಟ್ಟುಕೊಂಡರೆ ಆಗಬಹುದೇ?

ತದಡಿಯಿಂದ

ಮಾಸ್ತರೇ, ಸ್ಥಾನಕ್ಕೆ ಒಪ್ಪಿಗೆಯಿದೆ. ಆದರೆ ಆಗಸ್ಟ್ ಬೇಡ. ಒಂದನೆಯ ತಾರೀಖಿಗೆ ಬೋಟುಗಳು ಕಡಲಿಗೆ ಇಳಿದರೆ ಆ ತಿಂಗಳು ನನಗೆ ಭಾನುವಾರವೂ ಇಲ್ಲ, ಬೆಳಿಗ್ಗೆಯೂ ಇಲ್ಲ. ಈಗ ಜೂನ್ ಹದಿನೆಂಟು. ಬರುವ ಗುರುವಾರ ನಾಲ್ಕೂವರೆಯ ಬಸ್ಸಿಗೆ ನೀವೇ ಈ ಕಡೆ ಬರುವುದಾದರೆ ಕಟ್ಟೆಯ ಮೇಲೆ ಜಾಗವಿದೆ. ಗಣಿತ ಬಾಕಿಯಿರುವ ಹುಡುಗರು ಈ ಬಂದರಿನಲ್ಲೇ ಇನ್ನೂ ಇಬ್ಬರಿದ್ದಾರೆ, ಅವರಿಗೂ ಹೇಳಿಡುತ್ತೇನೆ. ಕೊಡೆ ತನ್ನಿ.